ಹಿತ್ತಲ ಕೋಳಿ ಸಾಕಾಣಿಕೆ: ಮರಿ ಮಾಡಿಸುವ ವಿಧಾನ ಹಾಗೂ ವಿವಿಧ ವಯಸ್ಸಿನ ಕೋಳಿಗಳನ್ನು ಒಂದುಗೂಡಿಸುವ ಕ್ರಮ

ಪೀಠಿಕೆ

ಸಣ್ಣ ಮತ್ತು ಅತಿ ಸಣ್ಣ ರೈತರು, ಭೂರಹಿತ ಕೃಷಿ ಕಾರ್ಮಿಕರು ಹಾಗೂ ಗ್ರಾಮೀಣ ಮಹಿಳೆಯರಿಗೆ ಹಿತ್ತಲ ಕೋಳಿ ಸಾಕಾಣಿಕೆಯು ಅಲ್ಪ ಬಂಡವಾಳದ ಉಪಕಸುಬಾಗಿರುತ್ತದೆ. ಹತ್ತು ಹನ್ನೆರಡು ಕೋಳಿಗಳಿರುವ ಮನೆಯಲ್ಲಿ ಕುಟುಂಬಕ್ಕೆ ಮೊಟ್ಟೆ ದೊರೆಯುವುದಲ್ಲದೆ, ಹಬ್ಬ ಹಾಗೂ ಜಾತ್ರೆಗಳ ಸಮಯದಲ್ಲಿ ಹುಂಜಗಳ ಮಾರಾಟದಿಂದ ಹಣವೂ ಕೈಗೆ ಬರುತ್ತದೆ. ಈ ಆದಾಯವು ಪ್ರತಿ ವರ್ಷ ಹಿಂಡಿಗೆ ಹೊಸದಾಗಿ ಸೇರಿ ಬದುಕುಳಿಯುವ ಮರಿಗಳನ್ನು ಅವಲಂಬಿಸಿರುತ್ತದೆ.

ಮರಿಗಳ ನಷ್ಟಕ್ಕೆ ಹದ್ದು, ಬೆಕ್ಕು ಮತ್ತು ಮುಂಗುಸಿಗಳೇ ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಆರೋಗ್ಯವಾಗಿ ಬೆಳೆಯುತ್ತಿರುವ ಮರಿಗಳನ್ನು ಪೂರ್ವಸಿದ್ಧತೆಯಿಲ್ಲದೆ ದೊಡ್ಡ ಕೋಳಿಗಳ ನಡುವೆ ಬಿಡುವುದರಿಂದಲೂ ಗಣನೀಯ ನಷ್ಟವುಂಟಾಗುತ್ತದೆ. ಮರಿಗಳಿಗೂ ದೊಡ್ಡ ಕೋಳಿಗಳಿಗೂ ದೇಹದ ಗಾತ್ರ, ರೋಗನಿರೋಧಕ ಶಕ್ತಿ ಮತ್ತು ಆಹಾರದ ಅಗತ್ಯ ಈ ಮೂರರಲ್ಲಿಯೂ ಅಂತರವಿರುತ್ತದೆ. ಈ ಮೂರು ಅಂತರಗಳು ಕಡಿಮೆಯಾಗುವವರೆಗೆ ಮರಿಗಳನ್ನು ಪ್ರತ್ಯೇಕವಾಗಿರಿಸಿ, ನಂತರ ಹಂತ ಹಂತವಾಗಿ ಹಿಂಡಿಗೆ ಸೇರಿಸುವುದು ಅವಶ್ಯಕ. ಮನೆಯಲ್ಲಿ ಮರಿ ಮಾಡಿಸುವವರಿಗೂ, ಯೋಜನೆಗಳಡಿಯಲ್ಲಿ ಅಥವಾ ಸಂತೆಯಲ್ಲಿ ಮರಿಗಳನ್ನು ಪಡೆಯುವವರಿಗೂ ಉಪಯುಕ್ತವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

1. ಮೊಟ್ಟೆಗಳ ಆಯ್ಕೆ ಮತ್ತು ಸಂಗ್ರಹಣೆ

ಮರಿ ಮಾಡಿಸಲು ಹುಂಜವಿರುವ ಹಿಂಡಿನ ಫಲಿತ ಮೊಟ್ಟೆಗಳೇ ಬೇಕು. ಎಂಟರಿಂದ ಹತ್ತು ಹೇಂಟೆಗಳಿಗೆ ಒಂದು ಹುಂಜವಿದ್ದರೆ ಸಾಕಾಗುತ್ತದೆ. ಒಂದೇ ಹುಂಜವನ್ನು ಹಲವು ವರ್ಷ ಇಟ್ಟುಕೊಂಡಲ್ಲಿ ಅದರ ಮರಿಗಳೊಡನೆಯೇ ಸಂಕರವಾಗಿ ಸಂತತಿ ದುರ್ಬಲವಾಗುವುದರಿಂದ, ಕಾಲಕಾಲಕ್ಕೆ ಹುಂಜವನ್ನು ಬದಲಾಯಿಸುವುದು ಸೂಕ್ತ.

• ಮಧ್ಯಮ ಗಾತ್ರದ, ಸಹಜ ಆಕಾರದ, ಬಿರುಕಿಲ್ಲದ ಮೊಟ್ಟೆಗಳನ್ನು ಆರಿಸಿಕೊಳ್ಳಬೇಕು.
• ಮೊಟ್ಟೆಗಳನ್ನು ನೀರಿನಿಂದ ತೊಳೆಯಬಾರದು. ಚಿಪ್ಪಿನ ಮೇಲಿನ ತೆಳುವಾದ ರಕ್ಷಣಾ ಪದರ ಹೋದಲ್ಲಿ ರೋಗಾಣುಗಳು ಸೂಕ್ಷ್ಮ ರಂಧ್ರಗಳ ಮೂಲಕ ಒಳಸೇರುತ್ತವೆ.
• ಚೂಪಾದ ತುದಿ ಕೆಳಮುಖವಾಗಿರುವಂತೆ ತಂಪಾದ ಸ್ಥಳದಲ್ಲಿಡಬೇಕು. 15 ರಿಂದ 18 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಏಳು ದಿನಗಳವರೆಗೆ ಇಡಬಹುದು.
• ಬೇಸಿಗೆಯಲ್ಲಿ ಮೂರು ನಾಲ್ಕು ದಿನಗಳಿಗಿಂತ ಹಳೆಯ ಮೊಟ್ಟೆಗಳನ್ನು ಬಳಸದಿರುವುದು ಒಳ್ಳೆಯದು. ಸೆಖೆಯಲ್ಲಿ ಕಾವಿಲ್ಲದೆಯೇ ಭ್ರೂಣದ ಬೆಳವಣಿಗೆ ಅರೆಬರೆಯಾಗಿ ಆರಂಭಗೊಂಡು ನಂತರ ಭ್ರೂಣ ಸಾಯುತ್ತದೆ. ರಾಯಚೂರು, ಕಲಬುರಗಿಯಂತಹ ಹೆಚ್ಚು ಬಿಸಿಲಿನ ಜಿಲ್ಲೆಗಳಲ್ಲಿ ಈ ಎಚ್ಚರಿಕೆ ವಿಶೇಷವಾಗಿ ಅವಶ್ಯ. ತೇವವಾದ ಮರಳಿನ ಮೇಲೆ ಮಣ್ಣಿನ ಮಡಕೆಯನ್ನಿಟ್ಟು, ಅದರೊಳಗೆ ಒಣ ಬಟ್ಟೆ ಹಾಸಿ ಮೊಟ್ಟೆಗಳನ್ನಿಡಬಹುದು.

2. ಹೇಂಟೆಯನ್ನು ಕಾವಿಗೆ ಕೂರಿಸುವುದು

ನಾಟಿ ಅಥವಾ ಜವಾರಿ ಹೇಂಟೆಗಳಲ್ಲಿ ಕಾವು ಕೂರುವ ಸ್ವಭಾವ ಬಲವಾಗಿರುತ್ತದೆ. ಗಿರಿರಾಜ, ವನರಾಜ, ಸ್ವರ್ಣಧಾರ ಮುಂತಾದ ಸುಧಾರಿತ ಕೋಳಿಗಳು ಸಾಮಾನ್ಯವಾಗಿ ಕಾವು ಕೂರುವುದಿಲ್ಲ. ಅವುಗಳ ಮೊಟ್ಟೆಗಳನ್ನು ನಾಟಿ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸಬಹುದಾದರೂ, ಮಿಶ್ರತಳಿಯ ಕೋಳಿಗಳ ಉತ್ತಮ ಗುಣಗಳು ಮುಂದಿನ ಪೀಳಿಗೆಯಲ್ಲಿ ಪೂರ್ಣವಾಗಿ ಉಳಿಯುವುದಿಲ್ಲ ಎಂಬುದನ್ನು ಗಮನದಲ್ಲಿಡಬೇಕು.

ಗೂಡಿನಿಂದ ಏಳದೆ, ಗರಿ ಕೆದರಿ, ಹತ್ತಿರ ಹೋದವರನ್ನು ಕುಕ್ಕುವ ಹೇಂಟೆಯು ಕಾವಿಗೆ ಬಂದಿದೆಯೆಂದು ತಿಳಿಯಬಹುದು. ಗಾತ್ರಕ್ಕನುಗುಣವಾಗಿ ಒಂದು ಹೇಂಟೆಗೆ ಹತ್ತರಿಂದ ಹನ್ನೆರಡು ಮೊಟ್ಟೆಗಳು ಸಾಕು. ಹೆಚ್ಚು ಮೊಟ್ಟೆಗಳನ್ನಿಟ್ಟಲ್ಲಿ ಎಲ್ಲಕ್ಕೂ ಸಮನಾಗಿ ಕಾವು ತಲುಪುವುದಿಲ್ಲ.

ಕಾವಿಗಿಡುವ ಎಲ್ಲಾ ಮೊಟ್ಟೆಗಳನ್ನೂ ಒಂದೇ ದಿನ ಇಡತಕ್ಕದ್ದು. ಕಾವು ಕುಳಿತಿರುವ ಗೂಡಿನಲ್ಲಿ ಇತರ ಹೇಂಟೆಗಳು ಬಂದು ಮೊಟ್ಟೆಯಿಟ್ಟು ಹೋಗುವುದು ಸಾಮಾನ್ಯ. ಮೊದಲ ಮರಿಗಳು ಹೊರಬಂದ ಒಂದೆರಡು ದಿನಗಳಲ್ಲಿ ತಾಯಿಯು ಅವುಗಳೊಡನೆ ಗೂಡು ಬಿಟ್ಟೇಳುವುದರಿಂದ, ತಡವಾಗಿ ಸೇರಿದ ಮೊಟ್ಟೆಗಳೊಳಗಿನ ಬೆಳೆದ ಭ್ರೂಣಗಳು ಕಾವಿಲ್ಲದೆ ಸಾಯುತ್ತವೆ. ಆದ್ದರಿಂದ ಮೊದಲ ದಿನವೇ ಪ್ರತಿ ಮೊಟ್ಟೆಗೆ ಇದ್ದಿಲು ಅಥವಾ ಪೆನ್ಸಿಲ್‌ನಿಂದ ಗುರುತು ಹಾಕಿ, ಗುರುತಿಲ್ಲದ ಮೊಟ್ಟೆಗಳನ್ನು ಪ್ರತಿದಿನ ತೆಗೆಯಬೇಕು. ಗೂಡನ್ನು ಇತರ ಕೋಳಿಗಳು ಬಾರದ, ಮಬ್ಬು ಬೆಳಕಿನ ಮೂಲೆಯಲ್ಲಿಡುವುದು ಉತ್ತಮ. ಹೇಂಟೆಯು ದಿನಕ್ಕೊಮ್ಮೆ ಎದ್ದು ಬರುವಾಗ ಅದಕ್ಕೆ ಕಾಳು ಮತ್ತು ನೀರು ಸಮೀಪದಲ್ಲಿಯೇ ಸಿಗುವಂತಿರಬೇಕು.

ಕಾವಿನ ಅವಧಿಯ ವೇಳಾಪಟ್ಟಿ

• 7ನೇ ದಿನ: ಕತ್ತಲೆಯಲ್ಲಿ ಮೊಟ್ಟೆಯನ್ನು ಟಾರ್ಚ್ ಬೆಳಕಿಗೆ ಹಿಡಿದು ನೋಡಬೇಕು. ಕೆಂಪು ರಕ್ತನಾಳಗಳು ಜೇಡರ ಬಲೆಯಂತೆ ಕಂಡಲ್ಲಿ ಮೊಟ್ಟೆಯು ಫಲಿತವಾಗಿದೆ. ಏನೂ ಕಾಣದೆ ತಿಳಿಯಾಗಿರುವ ಮೊಟ್ಟೆಗಳನ್ನು ತೆಗೆಯಬೇಕು.
• 14ನೇ ದಿನ: ಎರಡನೆಯ ಬಾರಿ ಪರೀಕ್ಷಿಸಿ, ಬೆಳವಣಿಗೆ ನಿಂತಿರುವ ಹಾಗೂ ದುರ್ವಾಸನೆಯಿರುವ ಮೊಟ್ಟೆಗಳನ್ನು ತೆಗೆಯಬೇಕು.
• 18ನೇ ದಿನದ ನಂತರ: ಮೊಟ್ಟೆಗಳನ್ನು ಮುಟ್ಟಬಾರದು.
• 21ನೇ ದಿನ: ಮರಿಗಳು ಹೊರಬರುತ್ತವೆ. ಒಂದು ದಿನ ಹಿಂದುಮುಂದಾಗಬಹುದು.

ಕಾವು ಯಂತ್ರವನ್ನು ಬಳಸುವವರು

ಗಾಳಿ ಬೀಸುವ ಫ್ಯಾನ್ ಇರುವ ಯಂತ್ರದಲ್ಲಿ ಉಷ್ಣಾಂಶವನ್ನು 37.5 ರಿಂದ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯ್ದುಕೊಳ್ಳಬೇಕು. ತೇವಾಂಶವು ಮೊದಲ 18 ದಿನ ಶೇಕಡ 55 ರಿಂದ 60 ಹಾಗೂ ಕೊನೆಯ ಮೂರು ದಿನ ಶೇಕಡ 65 ರಿಂದ 75 ಇರಬೇಕು. 18ನೇ ದಿನದವರೆಗೆ ದಿನಕ್ಕೆ ಕನಿಷ್ಠ ಮೂರರಿಂದ ಐದು ಬಾರಿ ಮೊಟ್ಟೆಗಳನ್ನು ಹೊರಳಿಸಿ, ನಂತರ ನಿಲ್ಲಿಸಬೇಕು. ಒಂದೇ ಅಂಕಣದ ಸಣ್ಣ ಯಂತ್ರದಲ್ಲಿ ಬೇರೆ ಬೇರೆ ದಿನದ ಮೊಟ್ಟೆಗಳನ್ನಿಟ್ಟಲ್ಲಿ ಈ ಎರಡು ಹಂತಗಳ ಅಗತ್ಯಗಳನ್ನು ಒಟ್ಟಿಗೆ ಪೂರೈಸಲಾಗುವುದಿಲ್ಲ. ವಿದ್ಯುತ್ ನಿಲುಗಡೆ ಹೆಚ್ಚಾಗಿರುವ ಊರುಗಳಲ್ಲಿ ಪರ್ಯಾಯ ವ್ಯವಸ್ಥೆಯಿಲ್ಲದೆ ಯಂತ್ರವನ್ನು ಅವಲಂಬಿಸುವುದು ಸೂಕ್ತವಲ್ಲ.

ಮರಿಯು ಚಿಪ್ಪನ್ನು ಒಡೆಯಲಾರಂಭಿಸಿದ ನಂತರ ಪೂರ್ಣ ಹೊರಬರಲು 24 ಗಂಟೆಗಳವರೆಗೂ ಬೇಕಾಗಬಹುದು. ಈ ಅವಧಿಯಲ್ಲಿ ಅದು ಉಳಿದ ಹಳದಿ ಭಂಡಾರವನ್ನು ಹೊಟ್ಟೆಯೊಳಕ್ಕೆ ಸೆಳೆದುಕೊಳ್ಳುತ್ತಿರುತ್ತದೆ ಹಾಗೂ ಚಿಪ್ಪಿನ ಒಳಪೊರೆಯಲ್ಲಿ ರಕ್ತ ಹರಿಯುತ್ತಿರುತ್ತದೆ. ಅವಸರದಿಂದ ಚಿಪ್ಪನ್ನು ಬಿಡಿಸಿದಲ್ಲಿ ರಕ್ತಸ್ರಾವವಾಗಿ ಮರಿ ಸಾಯುವ ಸಂಭವವಿರುತ್ತದೆ. ಹೊರಬಂದ ಮರಿಯು ಈ ಹಳದಿ ಭಂಡಾರದ ಬಲದಿಂದ ಮೊದಲ ಒಂದು ದಿನ ಆಹಾರವಿಲ್ಲದೆಯೂ ಇರಬಲ್ಲದು. ಆದ್ದರಿಂದ ಮೈ ಪೂರ್ಣ ಒಣಗುವವರೆಗೆ ಅದನ್ನು ಕದಲಿಸಬೇಕಾಗಿಲ್ಲ.

3. ಮೊದಲ ನಾಲ್ಕು ವಾರಗಳ ಆರೈಕೆ

ತಾಯಿಯೊಡನಿರುವ ಮರಿಗಳಿಗೆ ಕಾವು ಮತ್ತು ರಕ್ಷಣೆ ತಾಯಿಯಿಂದಲೇ ದೊರೆಯುತ್ತವೆ. ಹಿಂಡಿನ ಇತರ ಕೋಳಿಗಳು ಮರಿಗಳ ಬಳಿ ಬಂದಲ್ಲಿ ತಾಯಿಯೇ ಅವುಗಳನ್ನು ಅಟ್ಟುತ್ತದೆ. ಆದರೂ ಮೊದಲ ಒಂದೆರಡು ವಾರ ತಾಯಿ ಹಾಗೂ ಮರಿಗಳನ್ನು ಮಂಕರಿಯ ಕೆಳಗೆ ಅಥವಾ ಪ್ರತ್ಯೇಕ ಆವರಣದಲ್ಲಿಡುವುದರಿಂದ ಹದ್ದು ಮತ್ತು ಬೆಕ್ಕಿನ ಕಾಟ ತಪ್ಪುತ್ತದೆ.

ತಾಯಿಯಿಲ್ಲದ ಮರಿಗಳಿಗೆ ಬಲ್ಬಿನ ಸಹಾಯದಿಂದ ಕೃತಕ ಕಾವು ಒದಗಿಸಬೇಕು. ಮೊದಲ ವಾರ ಮರಿಗಳ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶವಿದ್ದು, ನಂತರ ಪ್ರತಿ ವಾರ ಸುಮಾರು 3 ಡಿಗ್ರಿಯಂತೆ ಇಳಿಸಬೇಕು. ಮರಿಗಳು ಬಲ್ಬಿನ ಕೆಳಗೆ ಒತ್ತಾಗಿ ಗುಂಪುಗೂಡಿದರೆ ಕಾವು ಸಾಲದೆಂದೂ, ಬಾಯಿ ತೆರೆದು ದೂರ ಸರಿದರೆ ಕಾವು ಹೆಚ್ಚೆಂದೂ, ಎಲ್ಲೆಡೆ ಸಮನಾಗಿ ಹರಡಿಕೊಂಡಿದ್ದರೆ ಸರಿಯಾಗಿದೆಯೆಂದೂ ತಿಳಿಯಬೇಕು. ನೆಲಕ್ಕೆ ಎರಡು ಅಂಗುಲ ದಪ್ಪ ಒಣ ಭತ್ತದ ಹೊಟ್ಟು ಅಥವಾ ಮರದ ಹೊಟ್ಟನ್ನು ಹಾಸಿ, ಒದ್ದೆಯಾದ ಭಾಗವನ್ನು ಕೂಡಲೇ ತೆಗೆಯಬೇಕು. ನಾಲ್ಕು ವಾರಗಳವರೆಗೆ ಪ್ರತಿ ಮರಿಗೆ ಅರ್ಧ ಚದರ ಅಡಿ, ಎಂಟು ವಾರಗಳವರೆಗೆ ಒಂದು ಚದರ ಅಡಿ, ಬೆಳೆದ ಕೋಳಿಗೆ ಎರಡು ಚದರ ಅಡಿ ಸ್ಥಳ ಅವಶ್ಯ.

ಯಂತ್ರದಿಂದ ಬಂದ ಒಂದೆರಡು ದಿನದ ಮರಿಗಳನ್ನು, ಅದೇ ವಯಸ್ಸಿನ ಮರಿಗಳಿರುವ ಹೇಂಟೆಗೆ ರಾತ್ರಿ ಕತ್ತಲೆಯಲ್ಲಿ ಅದರ ರೆಕ್ಕೆಯ ಕೆಳಗಿರಿಸಿ ಒಪ್ಪಿಸಬಹುದು. ಮರುದಿನ ಬೆಳಿಗ್ಗೆ ಹೇಂಟೆಯು ಅವುಗಳನ್ನು ಕುಕ್ಕುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಒಂದು ವಾರ ಮೀರಿದ ಮರಿಗಳನ್ನು ಹೇಂಟೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

4. ವಿವಿಧ ವಯಸ್ಸಿನ ಕೋಳಿಗಳನ್ನು ಪ್ರತ್ಯೇಕವಾಗಿಡಲು ಕಾರಣಗಳು

ಅ) ಕುಕ್ಕುವಿಕೆ ಮತ್ತು ಹಿಂಡಿನೊಳಗಿನ ಸ್ಥಾನ

ಪ್ರತಿ ಹಿಂಡಿನಲ್ಲಿಯೂ ಯಾವ ಕೋಳಿ ಯಾವುದನ್ನು ಕುಕ್ಕಬಹುದು, ಯಾವುದು ತಲೆತಗ್ಗಿಸಿ ಸರಿಯಬೇಕು ಎಂಬ ಕ್ರಮವೊಂದಿರುತ್ತದೆ. ನಾರ್ವೆ ದೇಶದ ಪ್ರಾಣಿಶಾಸ್ತ್ರಜ್ಞ ಥಾರ್ಲೀಫ್ ಶೆಲ್ಡರುಪ್-ಎಬ್ಬೆ ಅವರು 1920ರ ದಶಕದ ಆರಂಭದಲ್ಲಿ ಕೋಳಿಗಳ ಈ ಕುಕ್ಕುವ ಕ್ರಮವನ್ನು ಶಾಸ್ತ್ರೀಯವಾಗಿ ವಿವರಿಸಿದರು. ಕ್ರಮ ಸ್ಥಿರವಾಗಿರುವ ಹಿಂಡಿನಲ್ಲಿ ಜಗಳ ಕಡಿಮೆ. ಹೊಸ ಕೋಳಿ ಬಂದಾಗಲೆಲ್ಲ ಈ ಕ್ರಮ ಕದಡಿ, ಮತ್ತೆ ನಿರ್ಧಾರವಾಗಬೇಕಾಗುತ್ತದೆ. ಸಮಾನ ಗಾತ್ರದ ಕೋಳಿಗಳಲ್ಲಿ ಇದು ಕೆಲವು ದಿನಗಳ ಜಗಳದಲ್ಲಿ ಮುಗಿಯುತ್ತದೆ. ಬೆಳೆದ ಹೇಂಟೆಯ ಎದುರು 300 ಗ್ರಾಂ ತೂಕದ ಮರಿಗೆ ಎದುರಿಸುವ ಶಕ್ತಿಯಿರುವುದಿಲ್ಲ. ಗಾಯದಲ್ಲಿ ರಕ್ತ ಕಂಡೊಡನೆ ಇತರ ಕೋಳಿಗಳೂ ಅಲ್ಲಿಯೇ ಕುಕ್ಕುವುದರಿಂದ ಮರಿ ಸಾಯುತ್ತದೆ. ಕುಕ್ಕಿಸಿಕೊಳ್ಳದ ಮರಿಗಳು ಸಹ ಹೆದರಿ ಮೂಲೆ ಸೇರಿ, ಮೇವು ನೀರಿಲ್ಲದೆ ಸೊರಗುತ್ತವೆ. ಈ ಎರಡನೆಯ ನಷ್ಟವು ಸುಲಭವಾಗಿ ಗಮನಕ್ಕೆ ಬರುವುದಿಲ್ಲ.

ಆ) ರೋಗಗಳು

ಬೆಳೆದ ಕೋಳಿಗಳು ಅನೇಕ ರೋಗಗಳಿಂದ ಚೇತರಿಸಿಕೊಂಡು, ನೋಡಲು ಆರೋಗ್ಯವಾಗಿದ್ದರೂ ರೋಗಾಣುಗಳನ್ನು ಹೊರಹಾಕುತ್ತಿರುತ್ತವೆ. ಮರಿಗಳಲ್ಲಿ ಅದೇ ರೋಗಾಣುಗಳು ಮಾರಕವಾಗುತ್ತವೆ. ರಕ್ತಭೇದಿ ರೋಗದ ಸೂಕ್ಷ್ಮಾಣುಗಳು ದೊಡ್ಡ ಕೋಳಿಗಳ ಹಿಕ್ಕೆಯ ಮೂಲಕ ಹೊರಬಂದು, ತೇವವಾದ ಹಾಸಿನಲ್ಲಿ ಒಂದೆರಡು ದಿನಗಳಲ್ಲಿಯೇ ಸೋಂಕುಕಾರಕವಾಗುತ್ತವೆ. ಮಳೆಗಾಲದಲ್ಲಿ, ವಿಶೇಷವಾಗಿ ಮಲೆನಾಡು ಮತ್ತು ಕರಾವಳಿಯಲ್ಲಿ, ಈ ಅಪಾಯ ಹೆಚ್ಚು. ಮರೆಕ್ಸ್ ರೋಗದ ವೈರಾಣು ಗರಿಯ ಹೊಟ್ಟಿನ ಧೂಳಿನಲ್ಲಿ ಬಹುಕಾಲ ಬದುಕುತ್ತದೆ.

ಇದಕ್ಕೆ ವಿರುದ್ಧವಾಗಿ, ಹೊರಗಿನಿಂದ ತಂದ ಕೋಳಿಗಳು ಮನೆಯ ಹಿಂಡಿಗೆ ರೋಗ ತರುತ್ತವೆ. ಕೊಕ್ಕರೆ ರೋಗವು ಕೆಲವೇ ದಿನಗಳಲ್ಲಿ ಇಡೀ ಹಿಂಡನ್ನು, ನಂತರ ಇಡೀ ಊರಿನ ಕೋಳಿಗಳನ್ನು ನಾಶಮಾಡಬಲ್ಲದು. ಸೋಂಕು ತಗುಲಿದ ಕೋಳಿಯಲ್ಲಿ ಲಕ್ಷಣಗಳು ಕಾಣಲು 2 ರಿಂದ 15 ದಿನಗಳು ಬೇಕಾಗುವುದರಿಂದ, ಸಂತೆಯಲ್ಲಿ ಚುರುಕಾಗಿ ಕಂಡ ಕೋಳಿಯು ಆರೋಗ್ಯವಾಗಿದೆಯೆಂದು ಹೇಳಲಾಗದು.

ಇ) ಆಹಾರ

ಮೊಟ್ಟೆಯಿಡುವ ಕೋಳಿಗಳ ಆಹಾರದಲ್ಲಿ ಚಿಪ್ಪಿನ ರಚನೆಗಾಗಿ ಶೇಕಡ 3.5 ರಿಂದ 4ರಷ್ಟು ಸುಣ್ಣದಂಶವಿರುತ್ತದೆ. ಮರಿಗಳಿಗೆ ಬೇಕಾಗಿರುವುದು ಸುಮಾರು ಶೇಕಡ 1 ಮಾತ್ರ. ಈ ಹೆಚ್ಚುವರಿ ಸುಣ್ಣದಂಶವು ಮರಿಗಳ ಮೂತ್ರಪಿಂಡಗಳಿಗೆ ಹಾನಿಯುಂಟುಮಾಡುತ್ತದೆ. ಮರಿಗಳಿಗೆ ಶೇಕಡ 20ರಷ್ಟು ಸಸಾರಜನಕವಿರುವ ಆಹಾರ ಅವಶ್ಯ. ಎರಡೂ ವಯೋಮಾನದ ಕೋಳಿಗಳು ಒಟ್ಟಿಗಿರಲೇಬೇಕಾದಲ್ಲಿ, ಎಲ್ಲಕ್ಕೂ ಬೆಳೆಯುವ ಕೋಳಿಗಳ ಆಹಾರವನ್ನು ನೀಡಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೊಂದು ಪಾತ್ರೆಯಲ್ಲಿಡಬೇಕು. ಮೊಟ್ಟೆಯಿಡುವ ಹೇಂಟೆಗಳು ಅಗತ್ಯವಿರುವಷ್ಟನ್ನು ಅದರಿಂದ ತಿನ್ನುತ್ತವೆ.

5. ಒಂದುಗೂಡಿಸುವ ಹಂತಗಳು

ಮೊದಲ ಹಂತ – ಪ್ರತ್ಯೇಕ ವಾಸ: ಹೊರಗಿನಿಂದ ತಂದ ಕೋಳಿ ಅಥವಾ ಮರಿಗಳನ್ನು ಕನಿಷ್ಠ ಮೂರು ವಾರ, ಸಾಧ್ಯವಾದಲ್ಲಿ 30 ದಿನ, ಮನೆಯ ಕೋಳಿಗಳಿಂದ ದೂರವಿಡಬೇಕು. ಮೇವು ನೀರಿನ ಪಾತ್ರೆಗಳು ಬೇರೆಯಾಗಿರಬೇಕು. ಪ್ರತಿದಿನ ಮನೆಯ ಕೋಳಿಗಳ ಕೆಲಸ ಮುಗಿಸಿದ ನಂತರವೇ ಹೊಸ ಕೋಳಿಗಳ ಬಳಿ ಹೋಗಬೇಕು. ಮನೆಯಲ್ಲಿಯೇ ಹುಟ್ಟಿದ ಮರಿಗಳಿಗೆ ಈ ಹಂತ ಬೇಕಾಗಿಲ್ಲ.

ಎರಡನೆಯ ಹಂತ – ನೋಟದ ಪರಿಚಯ: ಏಳರಿಂದ ಹತ್ತು ದಿನಗಳವರೆಗೆ ಹೊಸ ಕೋಳಿಗಳನ್ನು ತಂತಿ ಬಲೆ ಅಥವಾ ಬಿದಿರಿನ ತಡಿಕೆಯ ಆಚೆಗಿರಿಸಬೇಕು. ಎರಡೂ ಗುಂಪುಗಳು ಪರಸ್ಪರ ನೋಡಬಹುದು, ಆದರೆ ಕುಕ್ಕಲಾಗದು. ಮೇವಿನ ಪಾತ್ರೆಗಳನ್ನು ಬಲೆಯ ಇಕ್ಕೆಲಗಳಲ್ಲಿ ಎದುರುಬದುರಾಗಿಟ್ಟರೆ ಅಭ್ಯಾಸವಾಗುವುದು ಸುಲಭ.

ಮೂರನೆಯ ಹಂತ – ಕೆಲವು ಗಂಟೆಗಳ ಸಹವಾಸ: ಮನೆಯವರು ಸಮೀಪದಲ್ಲಿರುವಾಗ, ವಿಶಾಲವಾದ ಹಿತ್ತಲಿನಲ್ಲಿ ಎರಡೂ ಗುಂಪುಗಳನ್ನು ಒಟ್ಟಿಗೆ ಬಿಡಬೇಕು. ಮೇವು ಮತ್ತು ನೀರನ್ನು ಕನಿಷ್ಠ ಎರಡು ಮೂರು ಕಡೆಗಳಲ್ಲಿಡಬೇಕು. ಮರಿಗಳು ಮಾತ್ರ ನುಸುಳಬಹುದಾದ ಕಿಂಡಿಯಿರುವ ಬಿದಿರಿನ ಆವರಣವೊಂದನ್ನು ನಿರ್ಮಿಸಿ, ಅದರೊಳಗೆ ಮರಿಗಳ ಆಹಾರವನ್ನಿಟ್ಟಲ್ಲಿ, ಅವುಗಳಿಗೆ ಅಡಗುತಾಣವೂ ಸೂಕ್ತ ಆಹಾರವೂ ಒಟ್ಟಿಗೆ ದೊರೆಯುತ್ತವೆ.

ನಾಲ್ಕನೆಯ ಹಂತ – ರಾತ್ರಿ ಒಂದೇ ಗೂಡು: ಹಗಲಿನಲ್ಲಿ ಜಗಳ ತಗ್ಗಿದ ನಂತರ, ಕತ್ತಲಾದ ಮೇಲೆ ಹೊಸ ಕೋಳಿಗಳನ್ನು ಗೂಡಿನ ಅಡ್ಡಗೋಲಿನ ಮೇಲೆ ಕೂರಿಸಬೇಕು. ಮರುದಿನ ಬೆಳಕು ಹರಿಯುತ್ತಿದ್ದಂತೆಯೇ ಗೂಡಿನ ಬಾಗಿಲು ತೆರೆಯಬೇಕು. ಇಕ್ಕಟ್ಟಾದ ಗೂಡಿನಲ್ಲಿ ತಡವಾಗಿ ಬಾಗಿಲು ತೆರೆಯುವುದರಿಂದ ಹೆಚ್ಚಿನ ಗಾಯಗಳಾಗುತ್ತವೆ.

ವಯಸ್ಸಿಗನುಗುಣವಾಗಿ ಪಾಲಿಸಬೇಕಾದ ಅಂಶಗಳು

• ಮೊದಲ ಒಂದು ತಿಂಗಳಲ್ಲಿ, ವಯಸ್ಸಿನ ಅಂತರ ಒಂದು ವಾರ ಮೀರದ ಮರಿಗಳನ್ನು ಮಾತ್ರ ಒಂದೇ ಆವರಣದಲ್ಲಿಡಬಹುದು.
• ಅಂತರ ಎರಡು ಮೂರು ವಾರಗಳಿದ್ದಲ್ಲಿ, ಕಿರಿಯ ಮರಿಗಳಿಗೆ ಪೂರ್ಣ ಗರಿ ಬಂದ ನಂತರ ನೋಟದ ಪರಿಚಯ ಮಾಡಿಸಿ ಸೇರಿಸಬೇಕು.
• ತಾಯಿಯಿಲ್ಲದೆ ಬೆಳೆದ ಮರಿಗಳನ್ನು ಬೆಳೆದ ಕೋಳಿಗಳೊಡನೆ ಸೇರಿಸಲು ಹನ್ನೆರಡು ವಾರಗಳವರೆಗೆ ಕಾಯುವುದು ಕ್ಷೇಮ. ತಿಂಗಳುಗಳ ಲೆಕ್ಕಕ್ಕಿಂತ ಗಾತ್ರವನ್ನು ಮುಖ್ಯವಾಗಿ ನೋಡಬೇಕು. ಮರಿಯು ದೊಡ್ಡ ಕೋಳಿಯ ಮೂರನೆಯ ಎರಡು ಭಾಗದಷ್ಟಾದರೂ ಬೆಳೆದಿರಬೇಕು.
• ಒಂಟಿ ಮರಿಯನ್ನು ಎಂದಿಗೂ ಸೇರಿಸಬಾರದು. ಕನಿಷ್ಠ ಮೂರು ನಾಲ್ಕು ಮರಿಗಳನ್ನು ಒಟ್ಟಿಗೆ ಸೇರಿಸಿದಲ್ಲಿ ಕುಕ್ಕುವಿಕೆ ಹಂಚಿಹೋಗುತ್ತದೆ.
• ತಾಯಿಯೊಡನೆ ಹಿಂಡಿನಲ್ಲಿ ಬೆಳೆದ ಮರಿಗಳನ್ನು ಆರರಿಂದ ಎಂಟು ವಾರಗಳ ಹೊತ್ತಿಗೆ ತಾಯಿಯೇ ಕುಕ್ಕಿ ದೂರ ಮಾಡುತ್ತದೆ. ಆ ಸಮಯದಲ್ಲಿ ಅಡಗುತಾಣ ಮತ್ತು ಪ್ರತ್ಯೇಕ ಮೇವಿನ ವ್ಯವಸ್ಥೆ ಇರಬೇಕು.
• ಟರ್ಕಿ ಕೋಳಿಗಳನ್ನು ಸಾಮಾನ್ಯ ಕೋಳಿಗಳೊಡನೆ ಸಾಕಬಾರದು. ಸಾಮಾನ್ಯ ಕೋಳಿಗಳಲ್ಲಿ ಅಷ್ಟಾಗಿ ತೊಂದರೆ ಕೊಡದ ಕೆಲವು ಕರುಳಿನ ಪರಾವಲಂಬಿಗಳು ಟರ್ಕಿಗಳಿಗೆ ಮಾರಕವಾಗುತ್ತವೆ.

6. ಲಸಿಕಾ ವೇಳಾಪಟ್ಟಿ

ಸಾಮಾನ್ಯವಾಗಿ ಅನುಸರಿಸಲಾಗುವ ವೇಳಾಪಟ್ಟಿ ಈ ಕೆಳಗಿನಂತಿದೆ. ಸ್ಥಳೀಯ ಪಶುವೈದ್ಯಾಧಿಕಾರಿಗಳ ಸಲಹೆಯಂತೆ ಬದಲಾವಣೆಯಾಗಬಹುದು.

• 1ನೇ ದಿನ: ಮರೆಕ್ಸ್ ರೋಗದ ಲಸಿಕೆ (ಮರಿ ಉತ್ಪಾದನಾ ಕೇಂದ್ರದಲ್ಲಿ)
• 5 ರಿಂದ 7ನೇ ದಿನ: ಕೊಕ್ಕರೆ ರೋಗದ ಲಸೋಟಾ ಅಥವಾ ಎಫ್ ಲಸಿಕೆ, ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ
• 14ನೇ ದಿನ: ಗಂಬೊರೊ ರೋಗದ ಲಸಿಕೆ
• 28ನೇ ದಿನ: ಲಸೋಟಾ ಲಸಿಕೆ ಎರಡನೆಯ ಬಾರಿ
• 6 ರಿಂದ 8ನೇ ವಾರ: ಸಿಡುಬು ರೋಗದ ಲಸಿಕೆ
• 8 ರಿಂದ 10ನೇ ವಾರ: ಕೊಕ್ಕರೆ ರೋಗದ ಆರ್2ಬಿ ಲಸಿಕೆ, ಚುಚ್ಚುಮದ್ದು

ಲಸಿಕೆ ನೀಡಿದೊಡನೆಯೇ ರಕ್ಷಣೆ ದೊರೆಯುವುದಿಲ್ಲ. ದೇಹದಲ್ಲಿ ಶಕ್ತಿ ಬೆಳೆಯಲು ಒಂದೆರಡು ವಾರಗಳು ಬೇಕಾಗುವುದರಿಂದ, ಅದರ ನಂತರವೇ ಮರಿಗಳನ್ನು ಹಿಂಡಿಗೆ ಸೇರಿಸುವುದು ಉತ್ತಮ. ಮನೆಯ ದೊಡ್ಡ ಕೋಳಿಗಳಿಗೂ ಲಸಿಕೆ ಆಗಿರಬೇಕು.

ಲಸಿಕೆಯ ಸೀಸೆಯೊಂದರಲ್ಲಿ ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳಿಗೆ ಸಾಲುವಷ್ಟು ಲಸಿಕೆಯಿದ್ದು, ಬೆರೆಸಿದ ನಂತರ ಒಂದೆರಡು ಗಂಟೆಗಳೊಳಗೆ ಬಳಸಬೇಕಾಗುತ್ತದೆ. ಹತ್ತು ಕೋಳಿಗಳಿರುವ ಒಂದು ಮನೆಗಾಗಿ ಸೀಸೆ ತೆರೆಯುವುದು ಕಷ್ಟಸಾಧ್ಯ. ಆದ್ದರಿಂದ ಒಂದೇ ಕೇರಿಯ ಅಥವಾ ಸ್ವಸಹಾಯ ಸಂಘದ ಸದಸ್ಯರು ಮುಂಚಿತವಾಗಿ ಮಾತನಾಡಿಕೊಂಡು, ಒಂದೇ ದಿನ ಬೆಳಗಿನ ಜಾವ ಕೋಳಿಗಳನ್ನು ಗೂಡಿನಿಂದ ಬಿಡದೆ ಇಟ್ಟುಕೊಂಡು ಪಶುವೈದ್ಯಕೀಯ ಸಿಬ್ಬಂದಿಯನ್ನು ಕೋರುವುದು ಅನುಕೂಲಕರ.

7. ಯೋಜನೆಗಳಡಿ ಮರಿ ಪಡೆಯುವವರ ಗಮನಕ್ಕೆ

ಹಿತ್ತಲ ಕೋಳಿ ಸಾಕಾಣಿಕೆ ಯೋಜನೆಗಳಡಿ ವಿತರಿಸಲಾಗುವ ಮರಿಗಳು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ವಯಸ್ಸಿನವಾಗಿರುತ್ತವೆ. ಈ ಮರಿಗಳಿಗೆ ಕಾವಿನ ಅಗತ್ಯ ಮುಗಿದಿರುತ್ತದೆಯೇ ಹೊರತು, ದೊಡ್ಡ ಕೋಳಿಗಳೊಡನೆ ಬೆರೆಯುವ ವಯಸ್ಸಾಗಿರುವುದಿಲ್ಲ. ಮರಿಗಳು ಮನೆಗೆ ಬರುವ ಮುನ್ನವೇ ಫಲಾನುಭವಿಗಳು ಪ್ರತ್ಯೇಕ ಗೂಡು ಮತ್ತು ಪಾತ್ರೆಗಳನ್ನು ಸಿದ್ಧಪಡಿಸಿಕೊಂಡಿರಬೇಕು. ಮರಿಗಳನ್ನು ಪಡೆಯುವಾಗ ಅವುಗಳ ವಯಸ್ಸು ಹಾಗೂ ಈಗಾಗಲೇ ನೀಡಿರುವ ಲಸಿಕೆಗಳ ವಿವರವನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಯೋಜನೆಗಳ ಅರ್ಹತೆ, ಅರ್ಜಿ ನಮೂನೆ ಮತ್ತು ಅರ್ಜಿ ಸಲ್ಲಿಸುವ ಅವಧಿಯು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಸಮೀಪದ ಪಶುವೈದ್ಯಕೀಯ ಸಂಸ್ಥೆ ಅಥವಾ ತಾಲ್ಲೂಕಿನ ಸಹಾಯಕ ನಿರ್ದೇಶಕರ ಕಛೇರಿಯಲ್ಲಿ ವಿಚಾರಿಸಬೇಕು.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರ: ಬೇರೆ ಗೂಡು ಕಟ್ಟಿಸಲು ಅನುಕೂಲವಿಲ್ಲದವರು ಏನು ಮಾಡಬೇಕು?
ಉ: ಇರುವ ಗೂಡನ್ನೇ ತಂತಿ ಬಲೆ ಅಥವಾ ಬಿದಿರಿನ ತಡಿಕೆಯಿಂದ ಎರಡು ಭಾಗ ಮಾಡಬಹುದು. ಇದರಿಂದ ನೋಟದ ಪರಿಚಯವೂ ಆಗುತ್ತದೆ. ಹೊರಗಿನಿಂದ ತಂದ ಕೋಳಿಗಳಿಗೆ ಮಾತ್ರ ಮೊದಲ ಮೂರು ವಾರ ಪ್ರತ್ಯೇಕ ಸ್ಥಳ ಕಡ್ಡಾಯ.

ಪ್ರ: ಸೇರಿಸಿದ ನಂತರ ಎಷ್ಟರಮಟ್ಟಿನ ಜಗಳ ಸಹಜ?
ಉ: ಅಟ್ಟುವುದು ಮತ್ತು ಒಂದೆರಡು ಬಾರಿ ಕುಕ್ಕುವುದು ಸಹಜ. ರಕ್ತ ಬಂದಲ್ಲಿ, ಒಂದೇ ಮರಿಯನ್ನು ಎಲ್ಲವೂ ಬೆನ್ನಟ್ಟಿದಲ್ಲಿ ಅಥವಾ ಸಂಜೆ ಮರಿಯ ಕತ್ತಿನ ಬುಡದ ಮೇವಿನ ಚೀಲ ಮುಟ್ಟಿದಾಗ ಖಾಲಿಯಿದ್ದಲ್ಲಿ ಕೂಡಲೇ ಬೇರ್ಪಡಿಸಬೇಕು. ಗಾಯವನ್ನು ಶುಚಿಗೊಳಿಸಿ ಪೂರ್ಣ ವಾಸಿಯಾದ ನಂತರವೇ ಮತ್ತೆ ಬಿಡಬೇಕು.

ಪ್ರ: ಒಂದೇ ಕೋಳಿ ಎಲ್ಲ ಮರಿಗಳನ್ನೂ ಕುಕ್ಕುತ್ತಿದ್ದರೆ?
ಉ: ಆ ಕೋಳಿಯನ್ನೇ ನಾಲ್ಕೈದು ದಿನ ಕಣ್ಣಿಗೆ ಕಾಣದಂತೆ ಬೇರೆಡೆ ಇಡಬೇಕು. ಮರಳಿ ಬಂದಾಗ ಅದು ಹಿಂಡಿನಲ್ಲಿ ಹೊಸದಾಗಿ ಸ್ಥಾನ ಪಡೆಯಬೇಕಾಗುವುದರಿಂದ ಅದರ ಉಪಟಳ ತಗ್ಗುವ ಸಾಧ್ಯತೆಯಿದೆ.

9. ಅಸಹಜ ಸಾವು ಕಂಡುಬಂದಲ್ಲಿ

ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು ಸತ್ತಲ್ಲಿ ಉಳಿದವನ್ನು ಸಂತೆಯಲ್ಲಿ ಮಾರುವುದಾಗಲಿ, ಸತ್ತವನ್ನು ಕೆರೆ, ಹಳ್ಳಗಳಿಗೆ ಎಸೆಯುವುದಾಗಲಿ ಕೂಡದು. ಹಕ್ಕಿಜ್ವರವು ರಾಜ್ಯದಲ್ಲಿ 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿಯೂ, 2025ರಲ್ಲಿ ಚಿಕ್ಕಬಳ್ಳಾಪುರ ಹಾಗೂ ಬಳ್ಳಾರಿ ಜಿಲ್ಲೆಗಳಲ್ಲಿಯೂ ದೃಢಪಟ್ಟಿತ್ತು. ಸತ್ತ ಕೋಳಿಗಳನ್ನು ಬರಿಗೈಯಿಂದ ಮುಟ್ಟದೆ, ಕೂಡಲೇ ಸಮೀಪದ ಪಶುವೈದ್ಯಕೀಯ ಸಂಸ್ಥೆಗೆ ತಿಳಿಸಬೇಕು. ತುರ್ತು ಸಂದರ್ಭದಲ್ಲಿ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಬಹುದಾಗಿದೆ. ಪರೀಕ್ಷೆಯ ಫಲಿತಾಂಶ ತಿಳಿಯುವವರೆಗೆ ಹೊಸ ಕೋಳಿಗಳನ್ನು ತರುವುದನ್ನೂ, ಮನೆಯ ಕೋಳಿಗಳನ್ನು ಬೇರೆಯವರಿಗೆ ಕೊಡುವುದನ್ನೂ ನಿಲ್ಲಿಸತಕ್ಕದ್ದು.